ಜತನದ ಬೆಲೆ

‘ಜತನ’ ಎಂಬುದು ನಮ್ಮ ಭಾಷೆಯ ಒಂದು ಒಳ್ಳೆಯ ಮಾತು. ಕಾಪಾಡುವುದು ಎಂಬುದಕ್ಕಿಂತ ಹೆಚ್ಚಿನದೇನೋ ಅದರಲ್ಲಿ ಅಡಗಿದೆ. ಅದರಲ್ಲಿ ಅಕ್ಕರೆಯುಂಟು, ಸ್ವಲ್ಪ ಅಂಜಿಕೆಯೂ ಉಂಟು. ಹೀಗೆ ಜತನವಾಗಿಟ್ಟುಕೊಂಡ ವಸ್ತುವನ್ನು ಮಾರುವ ಕಾಲ ಬಂದರೆ ಆ ಜತನಕ್ಕೆ ಬೆಲೆ ಎಷ್ಟು? ಈ ಪ್ರಶ್ನೆ ನನಗೆ ಎದುರಾದದ್ದು ಊರಿನಿಂದ ಬಹುದೂರದಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಡೆಟ್ರಾಯಿಟ್ ನಗರದ ಹೊರವಲಯದಲ್ಲಿರುವ ಮಗನ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದೆ. ನೆರೆಮನೆಯ ವೃದ್ಧರು ಆಗ ತಮ್ಮ ಕಾರನ್ನು ಮಾರಲು ಹೊರಟಿದ್ದರು. ನನಗೆ ಬೇರೆ ಕೆಲಸವಿರಲಿಲ್ಲ. ಅವರಿಗೆ ಕೇಳುವವರು ಬೇಕಾಗಿತ್ತು. ಹೀಗಾಗಿ ಆ ಮಾರಾಟಕ್ಕೆ ನಾನೊಬ್ಬ ಸಾಕ್ಷಿಯಾದೆ.

ಆ ಕಾರು ೧೯೭೯ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ ಫೈವ್. ಫೋರ್ಡ್ ಕಂಪನಿ ಸಿರಿವಂತರಿಗೆಂದು ಮಾಡಿದ ಗಾಡಿ. ಅದಕ್ಕೆ ಎರಡೇ ಬಾಗಿಲು. ಇಂಥ ಗಾಡಿಗೆ ‘ಕೂಪೆ’ ಎಂದು ಹೆಸರು. ಅದು ಫ್ರೆಂಚ್ ಶಬ್ದ. ಕತ್ತರಿಸಿದ್ದು ಎಂದು ಅರ್ಥ. ಹಿಂದೆ ದೊಡ್ಡ ಸಾರೋಟನ್ನು ಮೊಟಕು ಮಾಡಿ ಕಟ್ಟಿದ ಕುದುರೆಗಾಡಿಗೆ ಆ ಹೆಸರಿತ್ತಂತೆ. ಅಮೆರಿಕದವರು ಆ ಶಬ್ದವನ್ನೂ ಮೊಟಕು ಮಾಡಿ ‘ಕೂಪ್’ ಎನ್ನುತ್ತಾರೆ. ಆದರೆ ಗಾಡಿಯನ್ನು ಮಾತ್ರ ಅವರು ಮೊಟಕು ಮಾಡಲಿಲ್ಲ. ನಮ್ಮ ಅಂಬಾಸಡರ್ ಕಾರು ಸುಮಾರು ೧೪ ಅಡಿ ಉದ್ದ. ಇದು ೧೯ ಅಡಿ. ತೂಕ ಎರಡು ಟನ್ನಿಗೂ ಹೆಚ್ಚು. ಹಿಂಬದಿಯ ಪಕ್ಕಗಳಲ್ಲಿ ಮೊಟ್ಟೆಯಾಕಾರದ ಪುಟ್ಟ ಕಿಟಕಿಗಳು, ಮುಂದೆ ದೇವಾಲಯದ ಕಂಬಸಾಲಿನಂಥ ಬೆಳ್ಳಿಬಣ್ಣದ ಜಾಲರಿ, ಒಳಗೆ ಕಾರ್ಟಿಯರ್ ಎಂಬ ಪ್ಯಾರಿಸ್ಸಿನ ಆಭರಣದಂಗಡಿಯ ಹೆಸರು ಹೊತ್ತ ಗಡಿಯಾರ.

ಈ ವೈಭವ ಹುಟ್ಟಿದ್ದು ಕೆಟ್ಟ ಕಾಲದಲ್ಲಿ. ೧೯೭೩ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ೧೯೭೫ರಲ್ಲಿ ಬಂದ ಕಾನೂನು, ೧೯೭೮ರ ಮಾದರಿಗಳಿಂದ ಮೊದಲುಗೊಂಡು, ಪ್ರತಿಯೊಂದು ಕಂಪನಿಯ ಕಾರುಗಳೂ ಸರಾಸರಿ ಗ್ಯಾಲನ್ನಿಗೆ ೧೮ ಮೈಲಿ ಓಡಬೇಕೆಂದು ವಿಧಿಸಿತು. ೧೯೮೦ರ ಮಾರ್ಕ್ ಗಾಡಿ ಕುಗ್ಗಿಯೇ ಹೊರಬಂತು. ಅಂದರೆ ೧೯೭೯ರದು ಆ ಗಾತ್ರದ ಕೊನೆಯ ಗಾಡಿ.

ನಮ್ಮ ವೃದ್ಧರೇನೂ ಸಿರಿವಂತರಲ್ಲ. ಈ ಗಾಡಿಗಳು ತಯಾರಾಗುತ್ತಿದ್ದ ವಿಕ್ಸಮ್ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವ ಕೆಲಸದಲ್ಲಿದ್ದವರು. ತಾವು ಕಟ್ಟಿದ್ದನ್ನು ಒಮ್ಮೆಯಾದರೂ ತಾವೇ ಕೊಳ್ಳಬೇಕೆಂಬ ಹಟದಿಂದ ಸಾಲ ಮಾಡಿ ಕೊಂಡಿದ್ದರು. ಮುಂಗಾಜಿನ ಕೆಳಗಿನ ಸಂಖ್ಯಾಫಲಕವನ್ನು ನನಗೆ ಬೆರಳಿಟ್ಟು ತೋರಿಸಿದರು. ಮೊದಲನೆಯ ಒಂಬತ್ತು ೧೯೭೯ರ ಗುರುತು. ಅದರ ಮುಂದಿನ ‘ವೈ’ ಅಕ್ಷರ ವಿಕ್ಸಮ್ಮಿನದು. ೧೯೫೭ರಲ್ಲಿ ತೆರೆದ ಆ ಕಾರ್ಖಾನೆ ೨೦೦೭ರಲ್ಲಿ ಮುಚ್ಚಿತು. “ಕಟ್ಟಡ ಹೋಯಿತು, ಅಕ್ಷರ ಉಳಿದಿದೆ” ಎಂದರು.

ಮಿಷಿಗನ್ನಿನಲ್ಲಿ ಕಾರನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯಿದೆ. ಕಾರು ಕಟ್ಟುವ ಊರೇ ಕಾರು ತಿನ್ನುವ ಉಪ್ಪನ್ನೂ ಬಗೆದು ಕೊಡುತ್ತದೆ! ಇವರು ನವೆಂಬರಿನಿಂದ ಏಪ್ರಿಲ್‌ವರೆಗೆ ಗಾಡಿಯನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅದು ಓಡಿದ್ದು ೩೧ ಸಾವಿರ ಮೈಲಿ.

ಆದರೆ ಇದನ್ನು ನಂಬಿಸುವುದು ಹೇಗೆ? ಆ ಕಾಲದ ಮೀಟರಿನಲ್ಲಿ ಮೈಲಿಗೆ ಐದೇ ಅಂಕಿಗಳು. ಲಕ್ಷ ತುಂಬಿದರೆ ಮತ್ತೆ ಸೊನ್ನೆ. ೩೧ ಸಾವಿರವೂ ೧ ಲಕ್ಷ ೩೧ ಸಾವಿರವೂ ಅದಕ್ಕೆ ಒಂದೇ. ಆದ್ದರಿಂದ ಬಲ್ಲವರು ಮೀಟರನ್ನು ನೋಡುವುದಿಲ್ಲ; ಬ್ರೇಕಿನ ಪೆಡಲಿನ ರಬ್ಬರು ಎಷ್ಟು ಸವೆದಿದೆ, ಚಾಲಕನ ಆಸನದ ಅಂಚು ಎಷ್ಟು ನವೆದಿದೆ ಎಂಬುದನ್ನು ನೋಡುತ್ತಾರೆ. ಬಳಿಕ ಕಾಗದಗಳನ್ನು ಕೇಳುತ್ತಾರೆ. ಇವರು ಒಂದು ಬೂಟಿನ ಪೆಟ್ಟಿಗೆಯನ್ನು ತೆಗೆದಿಟ್ಟರು. ೧೯೭೯ರ ಮೂಲ ರಸೀದಿ, ಎಣ್ಣೆ ಬದಲಿಸಿದ ಪ್ರತಿಯೊಂದು ಸಲದ ಚೀಟಿ, ಒಂದೊಂದರ ಮೇಲೂ ಆ ದಿನದ ಮೈಲಿ. ಜತನವೆಂದರೆ ಮುಕ್ಕಾಲು ಪಾಲು ಬರೆದಿಡುವುದೇ ಎಂದು ನನಗೆ ಅಂದು ತಿಳಿಯಿತು.

ಓಡಿಸದೆ ಇಟ್ಟರೆ ಗಾಡಿ ಕೆಡುವುದಿಲ್ಲವೆಂದು ನಾನು ಭಾವಿಸಿದ್ದೆ. ಅದೂ ತಪ್ಪು. ನಿಂತ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಬಿರಿಯುತ್ತದೆ, ಟೈರು ಸವೆಯದೆಯೂ ಮುದಿಯಾಗುತ್ತದೆ. ಈ ಗಾಡಿಯ ದೀಪಗಳಿಗೆ ರೆಪ್ಪೆಗಳಂಥ ಮುಚ್ಚಳಗಳುಂಟು. ಇಂಜಿನ್ನು ಗಾಳಿ ಹೀರುವ ಬಲದಿಂದ ಅವು ಮುಚ್ಚಿಕೊಂಡಿರುತ್ತವೆ. ಕೊಳವೆಯಲ್ಲಿ ಎಲ್ಲಾದರೂ ಬಿರುಕಿದ್ದರೆ ನಿಲ್ಲಿಸಿದ ಗಾಡಿ ಸ್ವಲ್ಪ ಹೊತ್ತಿನಲ್ಲಿ ತಾನೇ ಕಣ್ಣು ತೆರೆಯುತ್ತದೆ. ಇದರ ಬಲಗಣ್ಣು ಹಾಗೆ ತೆರೆಯುತ್ತಿತ್ತು. “ಮುದುಕರಿಗೆ ನಿದ್ದೆ ಕಡಿಮೆ” ಎಂದು ಅವರು ನಕ್ಕರು.

ಕೊಳ್ಳಲು ಮೊದಲು ಬಂದವನು ವ್ಯಾಪಾರಿ. ಸುತ್ತು ಹಾಕಿದ, ಪೆಡಲು ನೋಡಿದ, ಒಳ್ಳೆಯ ಬೆಲೆಯನ್ನೇ ಹೇಳಿದ. ಆಗ ಇವರು, ಅವನು ಕೇಳದಿದ್ದರೂ, ಎಡಬಾಗಿಲಿಗೆ ೧೯೮೬ರಲ್ಲಿ ಮತ್ತೆ ಬಣ್ಣ ಹಾಕಿಸಿದ್ದನ್ನು ಹೇಳಿಬಿಟ್ಟರು. ಹೆಂಡತಿ ಗ್ಯಾರೇಜಿನ ಕಂಬಕ್ಕೆ ತಗುಲಿಸಿದ್ದರಂತೆ. ವ್ಯಾಪಾರಿ ಕೂಡಲೇ ಬೆಲೆ ಇಳಿಸಿದ. ಅವನು ಹೋದಮೇಲೆ ನಾನು ಕೇಳಿದೆ: “ಕಣ್ಣಿಗೆ ಕಾಣದ್ದನ್ನು ಏಕೆ ಹೇಳಿದಿರಿ?” ಅವರೆಂದರು: “ಕಾಣುವುದನ್ನು ನಾನು ಹೇಳಬೇಕಾಗಿಲ್ಲವಲ್ಲ.” ಸ್ವಲ್ಪ ತಡೆದು, “ಆ ಬಾಗಿಲ ವಿಷಯದಲ್ಲಿ ಅವಳ ಮೇಲೆ ಒಂದು ವಾರ ಮುನಿಸಿಕೊಂಡಿದ್ದೆ. ಅವಳು ಹೋಗಿ ಆರು ವರ್ಷ” ಎಂದರು. ನಾನು ಮತ್ತೇನೂ ಕೇಳಲಿಲ್ಲ.

ಇಷ್ಟು ಚೆನ್ನಾಗಿ ಉಳಿದ ಗಾಡಿಗೆ ರಾಶಿ ಹಣ ಬರುತ್ತದೆಂದು ನಾನು ಎಣಿಸಿದ್ದೆ. ಹಾಗಿಲ್ಲ. ೧೯೭೭ರಿಂದ ೧೯೭೯ರ ವರೆಗೆ ಈ ಗಾಡಿಗಳು ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು. ಕೊನೆಯದೆಂದು ತಿಳಿದು ಎತ್ತಿಟ್ಟವರೂ ಅನೇಕರು. ಎಲ್ಲರೂ ಕೂಡಿಟ್ಟದ್ದು ಅಪೂರ್ವವಾಗುವುದೆಂತು? ೧೯೭೬ರಲ್ಲಿ ಕ್ಯಾಡಿಲಾಕ್ ಕಂಪನಿಯ ಎಲ್ಡೊರಾಡೊ ಎಂಬ ಮಡಿಚುವ ಮೇಲ್ಛಾವಣಿಯ ಗಾಡಿಯ ವಿಷಯದಲ್ಲೂ ಹೀಗಾಯಿತು. ಅಮೆರಿಕದಲ್ಲಿ ಆ ಬಗೆಯದು ಅದೇ ಕೊನೆಯೆಂದು ಸಾರಿದ್ದರಿಂದ ಜನ ಮುಗಿಬಿದ್ದು ಕೊಂಡು, ಓಡಿಸದೆ ಮುಚ್ಚಿಟ್ಟರು. ೧೯೮೪ರ ಮಾದರಿಯಲ್ಲಿ ಕಂಪನಿಯೇ ಅಂಥದನ್ನು ಮತ್ತೆ ಹೊರತಂದಿತು. ಕೊಂಡವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ನಾಳಿನ ಬೆಲೆಗಾಗಿ ಇಂದಿನ ಬಳಕೆಯನ್ನು ಬಿಟ್ಟವರಿಗೆ ಎರಡೂ ದಕ್ಕಲಿಲ್ಲ.

ಕೊನೆಗೆ ಗಾಡಿಯನ್ನು ಕೊಂಡವರು ನೆರೆಯ ಒಹೈಯೊ ರಾಜ್ಯದ ಒಬ್ಬ ಶಾಲಾ ಶಿಕ್ಷಕಿ. ಬಾಗಿಲಿನ ಕಥೆಯನ್ನು ಅವರಿಗೂ ಹೇಳಿದರು. ಆಕೆ ಆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, “ಇದನ್ನು ಕೂರಿಸಿದವರು ಯಾರು?” ಎಂದು ಕೇಳಿದರು. ಇವರು ಉತ್ತರ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾನೆಟ್ಟು ತೆರೆದು, ಚಳಿಯಲ್ಲಿ ಹೇಗೆ ಚಾಲೂ ಮಾಡಬೇಕು, ಬಲಗಣ್ಣಿನ ಕೊಳವೆ ಎಲ್ಲಿ ಹಾದುಹೋಗಿದೆ ಎಂಬುದನ್ನೆಲ್ಲ ಒಂದು ಗಂಟೆ ಕಲಿಸಿಕೊಟ್ಟರು.

ಬಂದ ಹಣ ೧೯೭೯ರ ರಸೀದಿಯಲ್ಲಿದ್ದಷ್ಟೇ, ಸುಮಾರು ೧೫ ಸಾವಿರ ಡಾಲರು. ಅಂಕಿ ಅದೇ, ಹಣ ಅದಲ್ಲ. ಈ ನಡುವೆ ಅಲ್ಲಿನ ವಸ್ತುಗಳ ಬೆಲೆ ನಾಲ್ಕು ಪಟ್ಟಿಗೂ ಮೇಲೆ ಏರಿದೆ. ಲೆಕ್ಕ ನೋಡಿದರೆ ಜತನಕ್ಕೆ ಒಂದು ಕಾಸೂ ಬರಲಿಲ್ಲ, ಅಸಲಿಗೇ ಖೋತಾ. ಆದರೂ ಅವರು ಸೋತವರಂತೆ ಕಾಣಲಿಲ್ಲ. ಜತನಕ್ಕೆ ಕೊಳ್ಳುವವರು ಸಿಕ್ಕುವುದಿಲ್ಲ. ಅದೃಷ್ಟವಿದ್ದರೆ, ಮುಂದುವರಿಸುವವರು ಸಿಕ್ಕುತ್ತಾರೆ. ಬೂಟಿನ ಪೆಟ್ಟಿಗೆಯನ್ನು ಆಕೆಯ ಕೈಗೆ ಕೊಡುವ ಮುನ್ನ ಅವರು ಅದಕ್ಕೆ ಇನ್ನೊಂದು ಚೀಟಿ ಸೇರಿಸಿದರು. ಅದರಲ್ಲಿ ಅಂದಿನ ತಾರೀಖು ಇತ್ತು. ಅಂದಿನ ಮೈಲಿಯೂ ಇತ್ತು.