ಟ್ರಂಕಿನೊಳಗಿನ ಪುಸ್ತಕ



ಮೊನ್ನೆ ಕುಷ್ಟಗಿ ಕಡೆಯ ಭಕ್ತರೊಬ್ಬರು ಮಠಕ್ಕೆ ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ. ಕೈಯಲ್ಲಿ ರಟ್ಟು ಹರಿದ ಸಣ್ಣದೊಂದು ಪುಸ್ತಕ. ಏನಿದು ಎಂದೆವು. ‘ಅಜ್ಜಾರ, ನಾ ಸಣ್ಣಾವಿದ್ದಾಗ ಓದಿದ್ದು’ ಎಂದರು. ನೋಡಿದರೆ ಸಿದ್ಧಯ್ಯ ಪುರಾಣಿಕರ ‘ತುಪ್ಪಾ ರೊಟ್ಟಿ ಗೇ ಗೇ ಗೇ’, ಮಕ್ಕಳ ಪದ್ಯಗಳ ಪುಸ್ತಕ.

ಪುರಾಣಿಕರು ನಮ್ಮ ಸೀಮೆಯವರೇ. 1918ರಲ್ಲಿ ಯಲಬುರ್ಗಾ ಭಾಗದ ದ್ಯಾಂಪುರದಲ್ಲಿ ಹುಟ್ಟಿದರು. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪುರಾಣ ಬರೆದು, ಹೇಳಿ ಹೆಸರಾದವರು. 1948ರವರೆಗೆ ಈ ನಾಡು ನಿಜಾಮನ ಆಡಳಿತದಲ್ಲಿತ್ತು. ಕಚೇರಿಯಲ್ಲಿ ಉರ್ದು, ಶಾಲೆಯಲ್ಲಿ ಉರ್ದು. ಕನ್ನಡವನ್ನು ಕಾಯ್ದದ್ದು ಮಠ, ಪುರಾಣ ಮತ್ತು ತಾಯಂದಿರ ಬಾಯಿ. ಪುರಾಣಿಕರು ಉರ್ದುವನ್ನೂ ಕಲಿತರು, ದೊಡ್ಡ ಅಧಿಕಾರಿಯಾದರು, 1987ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆದರೂ ಮಕ್ಕಳೊಡನೆ ಕುಳಿತು ತುಪ್ಪ ರೊಟ್ಟಿಯ ಪದ ಕಟ್ಟಲು ನಾಚಲಿಲ್ಲ. ದೊಡ್ಡವರು ಎಂದರೆ ಇವರು.

ಆ ಭಕ್ತರು ಹಳೆಯ ಟ್ರಂಕು ತೆಗೆದು ರದ್ದಿಗೆ ಹಾಕಲು ಹೊರಟಿದ್ದರಂತೆ. ತಳದಲ್ಲಿ ಈ ಪುಸ್ತಕ ಸಿಕ್ಕಿತು. ಅಲ್ಲೇ ನಿಂತು ಗಟ್ಟಿಯಾಗಿ ಓದಿದರು. ಅರ್ಧಕ್ಕೆ ಕಣ್ಣು ತುಂಬಿ ದನಿ ನಿಂತಿತು. ಆಗ ಪಡಸಾಲೆಯ ಮೂಲೆಯಿಂದ ಮುಂದಿನ ಸಾಲು ಕೇಳಿಬಂತು. ಹೇಳಿದವರು ಅವರ ಎಂಬತ್ತು ದಾಟಿದ ತಾಯಿ. ಅಕ್ಷರ ಅರಿಯದವರು! ‘ಯವ್ವಾ, ನಿನಗ ಹ್ಯಾಂಗ ಬಂತು?’ ಎಂದರೆ, ‘ನೀ ಒಲಿ ಮುಂದ ಕುಂತು ಓದ್ತಿದ್ದಿ, ನಾ ರೊಟ್ಟಿ ಬಡೀತಿದ್ದೆ. ಕೇಳಿ ಕೇಳಿ ಬಾಯಿಗೆ ಬಂದೈತಿ’ ಎಂದರಂತೆ ಆ ತಾಯಿ.

‘ಅಜ್ಜಾರ, ಹೊತ್ತೊತ್ತಿಗೆ ಊಟ, ಗುಳಿಗೆ ಎಲ್ಲಾ ಕೊಡ್ತಿದ್ದೆ. ಬಾಜೂಕ ಕುಂತು ಮಾತಾಡಿ ಎಷ್ಟು ದಿನ ಆಗಿತ್ತೋ ನೆನಪಿಲ್ಲ’ ಎಂದು ಆ ಮನುಷ್ಯ ನಮ್ಮ ಮುಂದೆ ಅತ್ತುಬಿಟ್ಟರು.

ಬಂಧುಗಳೆ, ಶರಣರ ವಚನಗಳಿಗೂ ಒಂದು ಕಾಲದಲ್ಲಿ ಇದೇ ಗತಿಯಾಗಿತ್ತು. ತಾಡವೋಲೆಯ ಕಟ್ಟುಗಳು ಮನೆಮನೆಯ ಜಗಲಿಯ ಮೇಲೆ ಇದ್ದವು. ವಿಭೂತಿ ಹಚ್ಚುತ್ತಿದ್ದರು, ಹೂವು ಏರಿಸುತ್ತಿದ್ದರು; ಬಿಚ್ಚಿ ಓದುವವರು ವಿರಳ. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಮಾಡಿಸಿದರು. ಜಗಲಿಯ ಮೇಲಿದ್ದದ್ದು ಜನರ ನಾಲಗೆಗೆ ಬಂತು.

ಓದದೆ ಪೂಜಿಸಿದ ಗ್ರಂಥ, ಮಾತಾಡಿಸದೆ ಊಟವಿಟ್ಟ ತಾಯಿ, ಎರಡೂ ಒಂದೇ. ಅಲ್ಲಿ ಸೇವೆ ಇದೆ, ಸಂಗ ಇಲ್ಲ. ಪುಸ್ತಕ ಬದಲಾಗಿರಲಿಲ್ಲ, ತಾಯಿಯೂ ಬದಲಾಗಿರಲಿಲ್ಲ. ದೂರ ಹೋಗಿದ್ದವನು ಮಗ.

ಈಗ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಗ ಒಂದು ಸಾಲು, ತಾಯಿ ಒಂದು ಸಾಲು. ನೀವೂ ಇಂದು ಮನೆಗೆ ಹೋಗಿ ನಿಮ್ಮ ಟ್ರಂಕು ತೆರೆಯಿರಿ. ಪುಸ್ತಕ ಸಿಗದಿದ್ದರೂ ಚಿಂತೆಯಿಲ್ಲ. ತಾಯಿ ಇದ್ದರೆ ಹತ್ತಿರ ಕೂಡಿರಿ, ಆಕೆಯ ಬಾಯಲ್ಲಿ ಒಂದು ಪುಸ್ತಕ ಇನ್ನೂ ಉಳಿದಿದೆ.