ಚೀಟಿಯಲ್ಲಿ ಯಾರ ಹೆಸರು?

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಿದ್ಯಾರ್ಥಿನಿಲಯಗಳ ಗೆಳೆಯರ ಮುಂದೆ ಆಡಿದ ಮಾತುಗಳು. ಕೇಳಿದವರು ಬರಹದಲ್ಲಿ ಬೇಕು ಎಂದದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ಇವತ್ತು ನಾವು ಸ್ಕಾಲರ್‌ಶಿಪ್ ವಿಷಯ ಮಾತಾಡೋಕೆ ಬಂದಿಲ್ಲ. ಹಾಸ್ಟೆಲ್ ಊಟದ ವಿಷಯವೂ ಅಲ್ಲ. ಅವು ಇದ್ದೇ ಇವೆ, ಅವಕ್ಕೆ ಹೋರಾಟವೂ ಇದ್ದೇ ಇದೆ. ಇವತ್ತು ವಿಶ್ವವಿದ್ಯಾನಿಲಯಗಳ ಮ್ಯೂಸಿಯಂ, ಗ್ಯಾಲರಿ, ಅಲ್ಲಿ ನಡೆಯೋ ಪ್ರದರ್ಶನಗಳ ಬಗ್ಗೆ ಮಾತಾಡೋಣ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?’ ಅಂತ ಕೆಲವರು ನಗಬಹುದು. ನಗಲಿ. ಆ ಮಲ್ಲಿಗೆ ತೋಟಕ್ಕೆ ನೀರು ಹಾಯಿಸಿದ್ದು ಯಾರು ಅಂತ ಕೇಳೋಕೇ ನಾವು ಬಂದಿರೋದು.

ಮೈಸೂರಿನ ಮಾನಸಗಂಗೋತ್ರಿಯನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಅಲ್ಲಿ ಜಯಲಕ್ಷ್ಮೀವಿಲಾಸ ಅಂತ ಒಂದು ದೊಡ್ಡ ಬಂಗಲೆ ಇದೆ. 1905ರಲ್ಲಿ ಅರಮನೆಯವರು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಗಾಗಿ ಕಟ್ಟಿಸಿದ್ದು. ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಕೊಂಡಿತು. 1968ರಲ್ಲಿ ಆ ಬಂಗಲೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಜೀ.ಶಂ. ಪರಮಶಿವಯ್ಯ, ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮುಂತಾದವರು ಊರೂರು ತಿರುಗಿ ವಸ್ತುಗಳನ್ನು ಕೂಡಿಸಿದರು. ತೊಗಲುಗೊಂಬೆ, ಮುಖವಾಡ, ಗ್ರಾಮದೇವತೆಗಳ ಮೂರ್ತಿ, ಅಡಿಗೆ ಪಾತ್ರೆ, ಉಳುಮೆಯ ಸಾಮಾನು, ವಾದ್ಯ, ಒಡವೆ, ಹೀಗೆ 6500ಕ್ಕೂ ಹೆಚ್ಚು ವಸ್ತುಗಳು ಅಲ್ಲಿ ಸೇರಿದವು. ಬಂಗಲೆ ಬೀಳುವ ಹಾಗಾದಾಗ, 2002ರಿಂದ ಈಚೆಗೆ, ಇನ್ಫೋಸಿಸ್ ಪ್ರತಿಷ್ಠಾನದ ಹಣದಿಂದ ರಿಪೇರಿಯಾಯಿತು.

ಊರೂರು ತಿರುಗಿದವರಿಗೆ ನಾವು ಗೌರವ ಕೊಡಲೇಬೇಕು. ಕಲೆ ಅಂದರೆ ಅರಮನೆಯ ತೈಲಚಿತ್ರ, ದಂತದ ಪೆಟ್ಟಿಗೆ ಅಂತಲೇ ತಿಳಿದಿದ್ದ ಕಾಲದಲ್ಲಿ, ಗುಡಿಸಲಿನ ಮೊರ, ಮಡಕೆ, ಬುಟ್ಟಿಗೂ ವಿಶ್ವವಿದ್ಯಾನಿಲಯದಲ್ಲಿ ಜಾಗ ಇದೆ ಅಂತ ತೋರಿಸಿದವರು ಅವರು. ಅದು ಸಣ್ಣ ಕೆಲಸ ಅಲ್ಲ.

ಆದರೆ ಅಲ್ಲಿಗೇ ನಿಂತರೆ ಸಾಲದು. ಯಾವ ಮ್ಯೂಸಿಯಂ, ಯಾವ ಗ್ಯಾಲರಿಗೇ ಹೋಗಿ, ವಸ್ತುವಿನ ಕೆಳಗೆ ಒಂದು ಚೀಟಿ ಇರುತ್ತೆ. ನಮ್ಮ ಮಾತೆಲ್ಲ ಆ ಚೀಟಿಯದು.

ತಮಟೆಯನ್ನೇ ತಗೊಳ್ಳಿ. ಅದರ ಚೀಟಿಯಲ್ಲಿ ‘ತಮಟೆ, ಜನಪದ ವಾದ್ಯ’ ಅಂತಷ್ಟೇ ಬರೆದರೆ ಏನು ತಿಳಿದ ಹಾಗಾಯ್ತು? ಆ ಚರ್ಮ ಹದ ಮಾಡಿದವರು ಯಾರು? ಬಳೆಗೆ ಬಿಗಿದವರು ಯಾರು? ಒಂದು ಕೈಲಿ ದಪ್ಪ ಕೋಲು, ಇನ್ನೊಂದು ಕೈಲಿ ಸಣ್ಣ ಕಡ್ಡಿ ಹಿಡಿದು ಮೈಲಿಗಟ್ಟಲೆ ಬಾರಿಸುತ್ತಾ ನಡೆದವರು ಯಾರು? ಅವರು ದೇವರ ಮುಂದೆ ಎಷ್ಟು ದೂರದಲ್ಲಿ ನಿಲ್ಲಬೇಕಿತ್ತು? ಸಾವಿನ ಮನೆಯಲ್ಲಿ ರಾತ್ರಿಯೆಲ್ಲ ಬಾರಿಸಿದ್ದಕ್ಕೆ ಅವರ ಕೈಗೆ ಬಂದದ್ದೇನು? ‘ಜನಪದ’ ಅನ್ನೋ ಒಂದೇ ಮಾತಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತೆ. ಜನಪದ ಅಂದಾಕ್ಷಣ ಊರೂ ಕೇರಿಯೂ ಒಂದೇ ಆಗಿಬಿಡುತ್ತೆ. ಊರಲ್ಲಿ ಒಂದಾಗದ್ದು ಚೀಟಿಯಲ್ಲಿ ಹೇಗೆ ಒಂದಾಯ್ತು?

ಇನ್ನೊಂದು ವಸ್ತು ನೋಡಿ. ಪಂಪ್‌ಸೆಟ್ಟು ಬರೋಕೆ ಮುಂಚೆ ಕಪಿಲೆ ಬಾವಿಯಿಂದ ಎತ್ತು ಕಟ್ಟಿ ನೀರೆತ್ತುತ್ತಿದ್ದರು. ನೀರು ಎತ್ತುತ್ತಿದ್ದದ್ದು ಚರ್ಮದ ಬಾನಿ. ಅದನ್ನು ಹೊಲೆದವರು ನಮ್ಮವರು. ಆ ಬಾನಿ ದಿನಕ್ಕೆ ನೂರು ಸಲ ಬಾವಿಗಿಳಿದರೂ ನೀರಿಗೆ ಮೈಲಿಗೆ ಇಲ್ಲ. ಅದನ್ನು ಹೊಲೆದ ಕೈ ಕುಡಿಯುವ ನೀರಿನ ಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆ! ಆ ಬಾನಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ನೀರಾವರಿ ಸಾಧನ’ ಅಂತ ಬರೆದರೆ ಅದು ಸುಳ್ಳಲ್ಲ. ಆದರೆ ಅರ್ಧ ನಿಜ. ಬಿಟ್ಟುಹೋದ ಅರ್ಧ ಇದೆಯಲ್ಲ, ಅದೇ ನಮ್ಮ ಚರಿತ್ರೆ.

‘ಹೆಸರು ಬರೆಯೋ ಪದ್ಧತಿ ನಮ್ಮ ದೇಶದಲ್ಲಿ ಇರಲಿಲ್ಲ, ನಮ್ಮ ಕಲಾವಿದರು ಹೆಸರು ಬಯಸದವರು’ ಅಂತ ಕೆಲವು ವಿದ್ವಾಂಸರು ಹೇಳ್ತಾರೆ. ಹಾಸನ ಜಿಲ್ಲೆಯವರ ಹತ್ತಿರ ಈ ಮಾತು ನಡೆಯೋದಿಲ್ಲ. ಬೇಲೂರಿಗೆ ಹೋಗಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಅಲ್ಲಿನ ವಿಗ್ರಹಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಅಷ್ಟು ದೂರ ಯಾಕೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. 1246ರ ಲಕ್ಷ್ಮೀನರಸಿಂಹ ಗುಡಿಯ ಒಂದು ಬದಿಯ ಕೆತ್ತನೆ ಬೈಚೋಜನದು, ಇನ್ನೊಂದು ಬದಿಯದು ಮಲ್ಲಿತಮ್ಮನದು ಅಂತ ಕಲ್ಲೇ ಹೇಳುತ್ತೆ. ಇದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಇದೆ. ಎಂಟುನೂರು ಒಂಬೈನೂರು ವರ್ಷದ ಹಿಂದೆ ಕಲ್ಲು ಕೆತ್ತಿದವನಿಗೆ ತನ್ನ ಹೆಸರು ಬೇಕಿತ್ತು, ಬರೆದುಕೊಂಡ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹೆಸರುಗಳೂ ಅದರ ಜೊತೆ ಲೋಕ ಸುತ್ತುತ್ತಿವೆ.

ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ಗೊಮ್ಮಟನ ಪಾದದ ಬಳಿ ಮಾಡಿಸಿದವನ ಹೆಸರಿದೆ, ಚಾವುಂಡರಾಯ. ಸುತ್ತಾಲಯ ಕಟ್ಟಿಸಿದವನ ಹೆಸರಿದೆ, ಗಂಗರಾಜ. ಬಂಡೆ ಕಡಿದವರ ಹೆಸರು ಅಲ್ಲಿಲ್ಲ. ಒಂದೇ ತಾಲ್ಲೂಕಿನಲ್ಲಿ ಎರಡೂ ಪಾಠ ಇವೆ ನೋಡಿ. ಮಾಡಿಸಿದವನ ಹೆಸರು ಬರೆಯೋದು ಒಂದು ಪದ್ಧತಿ, ಮಾಡಿದವನ ಹೆಸರು ಬರೆಯೋದು ಇನ್ನೊಂದು ಪದ್ಧತಿ. ವಿಶ್ವವಿದ್ಯಾನಿಲಯದ ಗ್ಯಾಲರಿ ಯಾವ ಪದ್ಧತಿ ಹಿಡಿಯುತ್ತೆ ಅನ್ನೋದು ನಮ್ಮ ಪ್ರಶ್ನೆ.

ಜಯಲಕ್ಷ್ಮೀವಿಲಾಸದಲ್ಲಿ ಕನ್ನಡದ ದೊಡ್ಡ ಸಾಹಿತಿಗಳ ವಸ್ತುಗಳಿಗೂ ಒಂದು ವಿಭಾಗ ಮಾಡಿದರು. ಒಳ್ಳೇದೇ. ಸಾಹಿತಿಯ ಪೆನ್ನಿಗೆ ಸಾಹಿತಿಯ ಹೆಸರಿಂದ ಬೆಲೆ. ಹಾಗಾದರೆ ಬುಟ್ಟಿ ಹೆಣೆದ ಮೇದರ ಅಜ್ಜಿಗೆ, ಮೆಟ್ಟು ಹೊಲೆದ ನಮ್ಮ ತಾತನಿಗೆ ಹೆಸರಿರಲಿಲ್ಲವೆ? ಇತ್ತು. ವಸ್ತು ತಂದ ದಿನ ಕೇಳಿದ್ದರೆ ಹೇಳುತ್ತಿದ್ದರು. ಕೆಲವು ಕಡೆ ಕೇಳಿ ಬರೆದುಕೊಂಡೂ ಇರಬಹುದು. ಅದು ಚೀಟಿಗೆ ಬಂದಿದೆಯೆ, ದಾಖಲೆ ಪುಸ್ತಕದಲ್ಲೇ ಮಲಗಿದೆಯೆ, ಹೋಗಿ ನೋಡಬೇಕಾದವರು ನಾವು.

ಈಗ ಪ್ರದರ್ಶನಗಳ ಉದ್ಘಾಟನೆ ವಿಷಯ. ಎಷ್ಟೋ ಕಡೆ ನೀವೇ ನೋಡಿದ್ದೀರಿ. ಅತಿಥಿಗಳು ಕಾರಿನಿಂದ ಇಳಿದ ಕೂಡಲೇ ತಮಟೆ, ಡೊಳ್ಳು. ಬಾಗಿಲ ತನಕ ಮೆರವಣಿಗೆ. ಅತಿಥಿಗಳು ಒಳಗೆ ಹೋಗ್ತಾರೆ, ದೀಪ ಹಚ್ತಾರೆ, ‘ನಮ್ಮ ಜಾನಪದ ಸಂಸ್ಕೃತಿ ಎಷ್ಟು ಶ್ರೀಮಂತ’ ಅಂತ ಭಾಷಣ ಮಾಡ್ತಾರೆ. ಬಾರಿಸಿದವರು ಹೊರಗೆ ಮರದ ಕೆಳಗೆ ಬೆವರು ಒರೆಸಿಕೊಂಡು ಕೂತಿರ್ತಾರೆ. ಅವರ ತಮಟೆಯ ಅಣ್ಣತಮ್ಮ ಒಳಗೆ ಗಾಜಿನಲ್ಲಿ, ಅವರು ಹೊರಗೆ. ಬೇಲೂರು, ಮೇಲುಕೋಟೆಯ ಗುಡಿಗಳಲ್ಲಿ ನಮ್ಮವರಿಗೆ ವರ್ಷದಲ್ಲಿ ಗೊತ್ತುಮಾಡಿದ ದಿನ ಮಾತ್ರ ಒಳಕ್ಕೆ ಪ್ರವೇಶ ಇತ್ತು ಅಂತ ಬ್ರಿಟಿಷರ ಕಾಲದ ಪುಸ್ತಕಗಳು ಬರೆದಿವೆ. ಉತ್ಸವದ ದಿನ ಮಾತ್ರ ನಮ್ಮನ್ನು ಕರೆಯೋ ಗ್ಯಾಲರಿಗೂ ಆ ಪದ್ಧತಿಗೂ ಎಷ್ಟು ದೂರ?

ಒಳಗೆ ಹೋಗೋದು ಯಾರ ದಯೆಯೂ ಅಲ್ಲ. ಸಂವಿಧಾನದ 15ನೇ ಅನುಚ್ಛೇದದ ಎರಡನೇ ಭಾಗ ಓದಿ. ಬಾವಿ, ಕೆರೆ, ರಸ್ತೆ, ಸರ್ಕಾರದ ಹಣದಿಂದ ಪೂರ್ತಿಯಾಗಿಯೋ ಸ್ವಲ್ಪವೋ ನಡೆಯುವ ಸಾರ್ವಜನಿಕ ಜಾಗ, ಇವುಗಳಿಂದ ಯಾರನ್ನೂ ಜಾತಿಯ ಕಾರಣಕ್ಕೆ ದೂರ ಇಡುವಂತಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ವಿಶ್ವವಿದ್ಯಾನಿಲಯದ ಗ್ಯಾಲರಿಯೂ ಜನರ ದುಡ್ಡಿನ ಒಂದು ಕೆರೆ.

ಈ ಹೋರಾಟ ನಮ್ಮದೊಂದೇ ಅಲ್ಲ. 1969ರ ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ‘ಹಾರ್ಲೆಂ ಆನ್ ಮೈ ಮೈಂಡ್’ ಅಂತ ಪ್ರದರ್ಶನ ಮಾಡಿತು. ಹಾರ್ಲೆಂ ಅಂದರೆ ಕಪ್ಪು ಜನರ ದೊಡ್ಡ ಕೇರಿ. ಗೋಡೆಯೆತ್ತರದ ಫೋಟೋಗಳಲ್ಲಿ ಅವರ ಬದುಕನ್ನೆಲ್ಲ ತೋರಿಸಿದರು. ಆದರೆ ಹಾರ್ಲೆಮಿನ ಚಿತ್ರಕಾರರ, ಶಿಲ್ಪಿಗಳ ಒಂದು ಕೃತಿಯನ್ನೂ ಇಡಲಿಲ್ಲ. ಕಪ್ಪು ಕಲಾವಿದರು ಬಾಗಿಲಲ್ಲಿ ಫಲಕ ಹಿಡಿದು ನಿಂತರು. ಅವರಲ್ಲಿ ಮುಂದಾಳು ಬೆನ್ನಿ ಆಂಡ್ರ್ಯೂಸ್, ಜಾರ್ಜಿಯಾ ರಾಜ್ಯದಲ್ಲಿ ಇನ್ನೊಬ್ಬರ ಹೊಲ ವಾರಕ್ಕೆ ಮಾಡ್ತಿದ್ದ ಬಡ ಸಂಸಾರದ ಮಗ. ಅವರು ಕೇಳಿದ್ದು ಇಷ್ಟೇ: ನಮ್ಮನ್ನು ತೋರಿಸ್ತೀರಿ, ನಾವು ಮಾಡಿದ್ದನ್ನು ಯಾಕೆ ತೋರಿಸೋದಿಲ್ಲ?

ನಮ್ಮಲ್ಲೇ ಒಂದು ಪ್ರಶ್ನೆ ಏಳುತ್ತೆ, ಅದನ್ನು ಮುಚ್ಚಿಡಬಾರದು. ‘ತಮಟೆ ಬಿಡಿ, ಸತ್ತ ದನ ಎತ್ತೋದು ಬಿಡಿ ಅಂತ ನಮ್ಮ ಹಿರಿಯರೇ ಹೇಳಿದರು. ಈಗ ಅದೇ ತಮಟೆಗೆ ಗಾಜಿನ ಪೆಟ್ಟಿಗೆ ಯಾಕೆ? ಮೂಗಿನ ಮೇಲೆ ಬೆರಳಿಟ್ಟು ನೋಡೋರ ಮುಂದೆ ನಮ್ಮ ಅವಮಾನ ಹರಡಬೇಕಾ?’ ಈ ಮಾತಿನಲ್ಲಿ ನೋವಿದೆ. ನಾವು ಹೇಳೋದು ಹೀಗೆ. ಹಿರಿಯರು ಬಿಡು ಅಂದದ್ದು ಬಿಟ್ಟಿ ಚಾಕರಿಯನ್ನ. ಬಡಿಯುವ ಕೈಯ ಲೆಕ್ಕ, ಚರ್ಮ ಹದ ಮಾಡುವ ತಿಳಿವಳಿಕೆ, ಇವನ್ನು ಯಾರೂ ನಮಗೆ ಭಿಕ್ಷೆ ಹಾಕಿದ್ದಲ್ಲ. ಊರಿನ ಹೊರಗೆ ತಮಟೆ ಬಾರಿಸಿದ ಕೈಯೇ ನಮ್ಮ ಮೆರವಣಿಗೆಗಳ ಮುಂದೆಯೂ ಬಾರಿಸಿತು. ತಮಟೆ ಮ್ಯೂಸಿಯಮ್ಮಿನಲ್ಲಿ ಇರಲಿ. ಆದರೆ ಬಿಟ್ಟಿಯ ಕಥೆಯೂ ಚೀಟಿಯಲ್ಲಿ ಇರಲಿ. ಬಾರಿಸೋನಿಗೆ ಗೊತ್ತು, ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸದ ತಮಟೆ ಸಡಿಲವಾಗಿರುತ್ತೆ, ಮಾತಾಡೋದಿಲ್ಲ. ನಿಜ ಬರೆಯದ ಚೀಟಿಯ ಕೆಳಗೆ ಅದು ಹಾಗೇ ಮೂಕವಾಗಿರುತ್ತೆ.

ಈಗ ಮಾಡಬೇಕಾದ ಕೆಲಸ.

ಮೊದಲನೆಯದು, ಹೋಗಿ. ಹತ್ತು ಹದಿನೈದು ಜನ ಸೇರಿ ಹೋಗಿ. ಹಳೇ ಬಂಗಲೆಗಳಲ್ಲಿ ರಿಪೇರಿಗೆ ಅಂತ ಕೆಲವು ಭಾಗ ಮುಚ್ಚೋದುಂಟು, ವಿಚಾರಿಸಿಕೊಂಡು ಹೋಗಿ. ನೋಟ್‌ಬುಕ್ ಇರಲಿ. ಪ್ರತಿ ಚೀಟಿಗೂ ನಾಲ್ಕು ಪ್ರಶ್ನೆ: ಮಾಡಿದವರ ಹೆಸರು, ಊರು ಇದೆಯೆ? ಯಾವ ವರ್ಷ, ಯಾರ ಮನೆಯಿಂದ ತಂದರು? ಕೊಂಡು ತಂದರೋ, ಸುಮ್ಮನೆ ತಂದರೋ? ಇದನ್ನು ಮಾಡಿದವರಿಗೆ, ಬಳಸಿದವರಿಗೆ ಊರಲ್ಲಿ ಏನು ಕೂಲಿ, ಏನು ಸ್ಥಾನ? ಇನ್ನೊಂದನ್ನೂ ಬರೆದುಕೊಳ್ಳಿ, ಭಾನುವಾರ ಬಾಗಿಲು ತೆರೆದಿರುತ್ತೋ ಇಲ್ಲವೋ. ಕೂಲಿ ಮಾಡೋ ನಮ್ಮ ಅಪ್ಪ ಅವ್ವ ಬರೋಕೆ ಆಗೋದು ಅವತ್ತೊಂದೇ ದಿನ.

ಎರಡನೆಯದು, ಉತ್ತರ ಸಿಗದಿದ್ದರೆ ಬರೆದು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ವಿಶ್ವವಿದ್ಯಾನಿಲಯಗಳಿಗೂ ಅನ್ವಯಿಸುತ್ತೆ. 10 ರೂಪಾಯಿ ಶುಲ್ಕ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ವಸ್ತುಗಳ ದಾಖಲೆ ಪುಸ್ತಕದ ಪ್ರತಿ ಕೇಳಿ. ಅಲ್ಲಿನ ನೌಕರರ ಜೊತೆ ಜಗಳ ಬೇಡ. ಅವರಲ್ಲಿ ಎಷ್ಟೋ ಜನ ಕಡಿಮೆ ಸಂಬಳಕ್ಕೆ ಆ ವಸ್ತುಗಳ ಧೂಳು ಒರೆಸಿ ಉಳಿಸಿಕೊಂಡು ಬಂದವರು.

ಮೂರನೆಯದು, ನಮ್ಮ ಊರಿನದೇ. ಹಾಸನದ ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಅಲ್ಲೇ ಹಾಸನ ವಿಶ್ವವಿದ್ಯಾನಿಲಯ ಶುರುವಾಯಿತು. 2025ರಲ್ಲಿ ಇಂಥ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚಬೇಕು ಅನ್ನೋ ಶಿಫಾರಸೂ ಬಂತು. ಬೋರ್ಡಿನ ಮೇಲೆ ಯಾವ ಹೆಸರೇ ಇರಲಿ, ಅಲ್ಲಿ ಓದೋ ಮಕ್ಕಳು ನಾವೇ. ಅಲ್ಲಿ ಒಂದು ಕೋಣೆಯನ್ನು ಪ್ರದರ್ಶನಕ್ಕೆ ಕೊಡಿ ಅಂತ ಕೇಳೋಣ. ಮೊದಲ ದಿನದಿಂದಲೇ ಮಾಡಿದವರ ಹೆಸರು ಬರೆಯೋ ಪದ್ಧತಿ ಅಲ್ಲಿ ಬೀಳಲಿ. ಉದ್ಘಾಟನೆಗೆ ತಮಟೆ ಬೇಕಾದರೆ ಬಾರಿಸಿದವರಿಗೆ ಸರಿಯಾದ ಸಂಭಾವನೆ, ವೇದಿಕೆಯ ಮೇಲೆ ಕುರ್ಚಿ, ಆಹ್ವಾನಪತ್ರಿಕೆಯಲ್ಲಿ ಹೆಸರು.

ನಾಲ್ಕನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಈ ರಜಕ್ಕೆ ಊರಿಗೆ ಹೋದಾಗ ಒಬ್ಬೊಬ್ಬರು ಒಂದೊಂದು ವಸ್ತು ತನ್ನಿ. ಅಜ್ಜಿಯ ಮೊರ, ತಾತನ ಮೆಟ್ಟು, ಹಳೇ ಸೀರೆ ತುಂಡು ಸೇರಿಸಿ ಅವ್ವ ಹೊಲೆದ ಹೊದಿಕೆ, ಅಪ್ಪನ ಕುಡುಗೋಲು, ಯಾವುದಾದರೂ ಸರಿ. ಹಾಸ್ಟೆಲಿನ ಒಂದು ಕೋಣೆ, ನಾಲ್ಕು ಮೇಜು, ಒಗೆದ ನಾಲ್ಕು ದುಪ್ಪಟಿ ಸಾಕು. ಚಿತ್ರ ಬರೆಯೋ ಹುಡುಗರು, ಹುಡುಗಿಯರು ತಮ್ಮ ಚಿತ್ರಗಳನ್ನೂ ಗೋಡೆಗೆ ಹಾಕಲಿ. ಪ್ರತಿ ವಸ್ತುವಿಗೂ ಚೀಟಿ ಬರೆಯಿರಿ: ಇದನ್ನು ಮಾಡಿದವರು ಇಂಥವರು, ಊರು ಇಂಥದ್ದು, ಇಷ್ಟು ವರ್ಷ ದುಡಿದರು, ಸಿಕ್ಕ ಕೂಲಿ ಇಷ್ಟು. ಬರೆಯೋ ಮುಂಚೆ ಅವರನ್ನು ಕೇಳಿ, ಅವರು ಒಪ್ಪಿದ್ದನ್ನೇ ಬರೆಯಿರಿ. ಕೆಲವರು ‘ನನ್ನ ಹೆಸರು ಯಾಕೆ ಮಗಾ’ ಅಂತ ನಾಚಿಕೊಳ್ತಾರೆ. ಯಾಕೆ ಅಂತ ಕೂತು ಹೇಳಿ. ಉದ್ಘಾಟನೆಗೆ ಮಂತ್ರಿ ಬೇಡ, ಮಠ ಬೇಡ. ಆ ಮೊರ ಮಾಡಿದ ಅಜ್ಜಿಯನ್ನೇ ಕರ್ಕೊಂಡು ಬನ್ನಿ. ತನ್ನ ಹೆಸರನ್ನು ಮೊಮ್ಮಗಳು ಗಟ್ಟಿಯಾಗಿ ಓದೋದನ್ನ ಅವಳು ಕೇಳಲಿ.

ನುಗ್ಗೇಹಳ್ಳಿಯ ಮಲ್ಲಿತಮ್ಮ ಉಳಿ ಇದ್ದ ಕೈಯಿಂದಲೇ ತನ್ನ ಹೆಸರು ಕೆತ್ತಿಕೊಂಡ. ನಿಮ್ಮ ಕೈಲಿ ಪೆನ್ನಿದೆ. ಈ ತಿಂಗಳೇ ಶುರು ಮಾಡಿ. ಬರೆದ ಚೀಟಿಗಳ ಒಂದು ಪ್ರತಿಯನ್ನು ಮುಂದಿನ ಸಭೆಗೆ ತನ್ನಿ, ನಾಲ್ಕೂ ಊರಿನವರು ಸೇರಿ ಓದೋಣ.

ಜೈ ಭೀಮ್.