ಹೂವನ್ನು ಬರೆದುಕೊಳ್ಳದ ಪಂಡಿತ

ಫ್ರೆಂಚ್ ವಿಮಾನಚಾಲಕ ಸೇಂತ್ ಎಕ್ಸುಪೆರಿಯ ‘ಪುಟ್ಟ ರಾಜಕುಮಾರ’ (1943) ಮಕ್ಕಳಿಗಿಂತ ಹಿರಿಯರೇ ಓದಬೇಕಾದ ಕಥೆ. ತನ್ನ ಪುಟ್ಟ ಗ್ರಹವನ್ನು ತೊರೆದು ಹೊರಟ ಹುಡುಗನಿಗೆ ಆರನೆಯ ಗ್ರಹದಲ್ಲಿ ಭೂಗೋಳಶಾಸ್ತ್ರಜ್ಞನೊಬ್ಬ ಎದುರಾಗುತ್ತಾನೆ. ತನ್ನ ನೆಲದಲ್ಲಿ ಬೆಟ್ಟಗಳಿವೆಯೇ ಎಂಬುದೇ ಆತನಿಗೆ ತಿಳಿಯದು. ಮೇಜು ಬಿಟ್ಟು ಎದ್ದವನಲ್ಲ. ಯಾರಾದರೂ ದೊಡ್ಡ ಬೆಟ್ಟ ಕಂಡೆನೆಂದರೆ ಸಾಕ್ಷಿಗೆ ದೊಡ್ಡ ಕಲ್ಲುಗಳನ್ನು ಹೊತ್ತು ತರಬೇಕು! ಬೆಟ್ಟದೂರಿನವರಿಗೆ ಇಂಥವರು ಹೊಸಬರಲ್ಲ.

ಹುಡುಗ ತನ್ನ ಗ್ರಹದಲ್ಲೊಂದು ಹೂವಿದೆ ಎಂದಾಗ, ಹೂಗಳು ಕ್ಷಣಿಕ, ಅವನ್ನು ದಾಖಲಿಸುವುದಿಲ್ಲ ಎನ್ನುತ್ತಾನೆ ಪಂಡಿತ. ಕ್ಷಣಿಕವೆಂದರೇನು? ಹುಡುಗ ಬಿಡದೆ ಕೇಳುತ್ತಾನೆ. ಬೇಗನೆ ಅಳಿದುಹೋಗುವ ಅಪಾಯದಲ್ಲಿರುವುದು ಎಂದು ಉತ್ತರ. ಅಳಿಯುವುದೆಂಬ ಕಾರಣಕ್ಕೇ ಪಂಡಿತ ಹೂವನ್ನು ಪುಸ್ತಕದಿಂದ ಹೊರಗಿಡುತ್ತಾನೆ. ಅದೇ ಕಾರಣಕ್ಕೆ, ನಾಲ್ಕೇ ಮುಳ್ಳುಗಳ ಆ ಹೂವನ್ನು ಒಂಟಿಯಾಗಿ ಬಿಟ್ಟುಬಂದೆನಲ್ಲ ಎಂಬ ಪಶ್ಚಾತ್ತಾಪ ಹುಡುಗನಲ್ಲಿ ಮೊದಲ ಬಾರಿಗೆ ಮೂಡುತ್ತದೆ.